ಬಾಗಿಲು ಪೂರ್ವಕ್ಕೆ ಬರಲೆಂದು ಕಂಪ್ಯೂಟರ್ ತಿರುಗಿಸಿದ್ದು

ಕಂಪ್ಯೂಟರ್ ನನಗೆ ಹೊಸದಲ್ಲ. ಕಚೇರಿಯಲ್ಲಿ ಅದರ ಮುಂದೆ ಕೂತೂ ಕೂತೂ ಸೊಂಟನೋವು ಸಂಪಾದಿಸಿ ನಿವೃತ್ತನಾದವನು ನಾನು. ಆದ್ದರಿಂದ ಮನೆಯ ಕಂಪ್ಯೂಟರ್‌ನಲ್ಲಿ ಏನೇ ಹೆಚ್ಚುಕಡಿಮೆಯಾದರೂ ಸರಿಪಡಿಸುವ ಪರಮಾಧಿಕಾರ ನನ್ನದೇ ಎಂದು ನಂಬಿದ್ದೆ. ಏನೂ ಹೆಚ್ಚುಕಡಿಮೆ ಆಗದಿದ್ದಾಗಲೂ ಸರಿಪಡಿಸಲು ಹೋದದ್ದೇ ಯಡವಟ್ಟಾಯಿತು!

ರಜೆಗೆ ಬಂದಿದ್ದ ಮೊಮ್ಮಗಳು ಅದರಲ್ಲಿ ಒಂದು ಆಟ ಹಾಕಿಕೊಂಡಿದ್ದಳು. ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ ಕಟ್ಟುವ ಆಟ ಗೊತ್ತಲ್ಲ, ಅದೇ. ಇಲ್ಲಿ ಮಾತ್ರ ಇಟ್ಟಿಗೆ ಪರದೆಯ ಮೇಲೆ. ಮೌಸ್‌ನಿಂದ ಹಿಡಿದು ಎಳೆದು ತಂದು ಬಿಟ್ಟರೆ ‘ಟಕ್’ ಎಂದು ಕೂರುತ್ತದೆ. ಮೊಮ್ಮಗಳು ಊರಿಗೆ ಹೋದಳು, ಆಟ ನನ್ನ ಹೆಂಡತಿ ಗಿರಿಜಳಿಗೆ ಹತ್ತಿಕೊಂಡಿತು.

ಅದಕ್ಕೆ ಕಾರಣವಿತ್ತು. ಬಬ್ಬೂರಿನ ಕ್ವಾರ್ಟರ್ಸ್, ಹೊಳಲ್ಕೆರೆಯ ಬಾಡಿಗೆ ಮನೆ, ಈಗ ಹಿರಿಯೂರಿನಲ್ಲಿ ಇನ್ನೊಂದು ಬಾಡಿಗೆ ಮನೆ ಎಂದು ಸುತ್ತಿದ ನಾವು ಕೊನೆಗೂ ಊರಾಚೆ ಒಂದು ಸೈಟು ಕೊಂಡಿದ್ದೆವು. ಮನೆ ಹೇಗಿರಬೇಕು ಎಂದು ಕೇಳಲು ಸೋಮವಾರ ಬೆಳಗ್ಗೆ ಮೇಸ್ತ್ರಿ ಬರುವವರಿದ್ದರು.

“ಬಾಯಾಗೆ ಹೇಳಾಕೆ ನಂಗೆ ಬರಲ್ಲ ರೀ, ಕಟ್ಟೇ ತೋರಿಸ್ತೀನಿ” ಎಂದು ಗಿರಿಜಾ ದಿನಾ ಮಧ್ಯಾಹ್ನ ಕೂತು ಕಟ್ಟಿದಳು. ಕೆಂಪು ಗೋಡೆ, ಮುಂದೆ ಕೂರಲು ಕಟ್ಟೆ, ಅಡುಗೆಮನೆಗೆ ಬಾಗಿಲಿನಷ್ಟು ದೊಡ್ಡ ಕಿಟಕಿ. ಕಿಟಕಿ ನೋಡಿ ನಾನು ನಕ್ಕಿದ್ದೆ. ಅವಳು ನಗಲಿಲ್ಲ.

ಭಾನುವಾರ ಅವಳು ಜವನಗೊಂಡನಹಳ್ಳಿಯ ತಂಗಿ ಮನೆಗೆ ನಾಮಕರಣಕ್ಕೆ ಹೊರಟಳು. “ಅದನ್ನ ಮುಟ್ಟಬ್ಯಾಡ್ರಿ” ಎಂದು ಹೊಸಿಲು ದಾಟುವಾಗಲೂ ಹೇಳಿದಳು. ಮುಟ್ಟುವ ಯೋಚನೆ ನನಗಾದರೂ ಎಲ್ಲಿತ್ತು? ಸುಮ್ಮನೆ ನೋಡೋಣವೆಂದು ಕೂತೆ, ಅಷ್ಟೆ. ಅಷ್ಟರಲ್ಲಿ ನಮ್ಮ ಮನೆಯ ಪೇಪರ್ ಓದಲು ಬಂದ ಪಕ್ಕದ ಮನೆಯ ತಿಪ್ಪೇಸ್ವಾಮಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪರದೆ ನೋಡಿದರು.

“ಮನೆ ಚೆನ್ನಾಗೈತೆ ಸಾರ್. ಆದ್ರೆ ಬಾಗಿಲು ಯಾವ ದಿಕ್ಕಿಗೈತೆ?”

ಪ್ರಶ್ನೆ ನ್ಯಾಯವಾಗಿತ್ತು. ನಾವಿಬ್ಬರೂ ಕೂಲಂಕಷವಾಗಿ ಪರಿಶೀಲಿಸಿದೆವು. ಕಂಪ್ಯೂಟರಿನ ಬೆನ್ನು ಉತ್ತರದ ಗೋಡೆಗೆ. ಮುಖ ದಕ್ಷಿಣಕ್ಕೆ. ಆಟದ ಮನೆಯ ಬಾಗಿಲು ಪರದೆಯಿಂದ ನಮ್ಮತ್ತ. ಅಂದರೆ ದಕ್ಷಿಣದ ಬಾಗಿಲು!

“ಯಮನ ದಿಕ್ಕು ಸಾರ್!” ತಿಪ್ಪೇಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟರು.

ನಮ್ಮ ಸೈಟಿಗೆ ಇರುವುದು ಪೂರ್ವದ ರಸ್ತೆ. ಆಟದ ಮನೆಯಾದರೇನು, ವಾಸ್ತು ವಾಸ್ತುವೇ. ಮೇಸ್ತ್ರಿಯ ಮುಂದೆ ಹೆಂಡತಿಯ ಮಾನ ಹೋಗಬಾರದು ಎಂಬ ಒಂದೇ ಸದುದ್ದೇಶದಿಂದ, ಇಬ್ಬರೂ ಸೇರಿ ಟೇಬಲ್ಲನ್ನೇ ಎತ್ತಿ ಪೂರ್ವಕ್ಕೆ ತಿರುಗಿಸಿದೆವು. ವೈರು ಗಿಡ್ಡವಾಗಿತ್ತು. ಕಂಪ್ಯೂಟರ್ ಆರಿತು. ನನ್ನ ಎದೆಯೂ ಒಂದು ಕ್ಷಣ ಆರಿತು! ದೇವರ ದಯೆ, ಮತ್ತೆ ಹಚ್ಚಿದಾಗ ಮನೆ ಇದ್ದಂತೆಯೇ ಇತ್ತು. ಟೇಬಲ್ ಈಗ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಿತ್ತು, ಅದು ಬೇರೆ ಮಾತು. ಬಾಗಿಲು ಪೂರ್ವಕ್ಕೆ ಬಂತಲ್ಲ!

ವಿಜಯದ ಹುಮ್ಮಸ್ಸಿನಲ್ಲಿ ನನ್ನ ಕೈ ಮೌಸ್‌ಗೆ ತಾಗಿತು. ಮನೆ ಗರ್ರನೆ ತಾನೇ ತಿರುಗಿತು! ಹಿತ್ತಿಲು ಮುಂದೆ, ಬಾಗಿಲು ಹಿಂದೆ.

“ಮೌಸ್‌ನಾಗೇ ತಿರುಗ್ತಿತ್ತಾ ಸಾರ್?” ತಿಪ್ಪೇಸ್ವಾಮಿ ಸೊಂಟ ಹಿಡಿದುಕೊಂಡು ಕೇಳಿದರು. ನಾನು ಕೇಳಿಸದವನಂತೆ ಅಡುಗೆಮನೆ ನೋಡುತ್ತಿದ್ದೆ.

“ಒಲೆ ವಾಯುವ್ಯಕ್ಕೆ ಬಂದೈತೆ. ಆಗ್ನೇಯದಾಗೆ ಇರಬೇಕು ಸಾರ್” ಎಂದರು ಅವರು.

ಅಡುಗೆಮನೆಯನ್ನಷ್ಟೇ ಹಿಡಿದು ಆಗ್ನೇಯಕ್ಕೆ ಎಳೆಯಲು ಹೋದೆ. ಯಾವುದೋ ಗುಂಡಿ ಒತ್ತಿದೆ. ಅಡುಗೆಮನೆಯ ಗೋಡೆ, ಒಲೆ, ಕಿಟಕಿ ಎಲ್ಲವೂ ಮಾಯ! ಕರೆಂಟ್ ಯಾವಾಗ ಹೋಗುತ್ತದೋ ಎಂದು, ಏನು ಮಾಡಿದರೂ ತಕ್ಷಣ ‘ಸೇವ್’ ಒತ್ತುವುದು ಕಚೇರಿಯಲ್ಲಿ ಕಲಿತ ಶಿಸ್ತು. ಗಾಬರಿಯಲ್ಲೂ ಶಿಸ್ತು ಬಿಡಲಿಲ್ಲ. ಸರ್ವನಾಶವನ್ನು ಜೋಪಾನವಾಗಿ ಸೇವ್ ಮಾಡಿದೆ!

“ಒಲೆ ಮ್ಯಾಲೆ ಹಾಲಿಟ್ಟು ಬಂದೀನಿ ಸಾರ್” ಎಂದು ತಿಪ್ಪೇಸ್ವಾಮಿ ಮಾಯವಾದರು.

ಹೋದದ್ದನ್ನು ವಾಪಸ್ ತರುವ ದಾರಿ ಸಿಗದೆ ನಾನೇ ಹೊಸ ಅಡುಗೆಮನೆ ಕಟ್ಟತೊಡಗಿದೆ. ಇಟ್ಟಿಗೆ ಇಟ್ಟೆ. ಗೋಡೆಗೆ ಸರಿಯಾಗಿ ಕೂತಿತೆಂದು ಸಂತೋಷಪಟ್ಟೆ. ಮನೆ ತಿರುಗಿಸಿ ನೋಡಿದರೆ ಅದು ಮನೆಯಿಂದ ಅಷ್ಟು ದೂರ ಗಾಳಿಯಲ್ಲಿ ನಿಂತಿತ್ತು! ಒಲೆ ಚಾವಣಿಯ ಮೇಲೆ ಹೋಗಿ ಕೂತಿತು. ಆಟ ಮಾಡಿದವರು ಕಿಟಕಿ ಎಲ್ಲಿಟ್ಟಿದ್ದಾರೋ, ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಸುತ್ತ ಗೋಡೆಯನ್ನೇ ಹಾಕಿ ಮುಗಿಸಿದೆ.

ಸಂಜೆ ಗಿರಿಜಾ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋಗಲಾರದೆ ಟೇಬಲ್ ನೋಡಿದಳು. ಆಮೇಲೆ ಪರದೆ ನೋಡಿದಳು.

“ಇದೇನ್ರಿ?”

“ಆಗ್ನೇಯ” ಎಂದೆ.

“ನನ್ನ ಕಿಟಕಿ ಎಲ್ಲೈತೆ?”

ನಾನು ಕನ್ನಡಕ ಒರೆಸತೊಡಗಿದೆ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ನನಗೆ ರೂಢಿ. ಅವಳು ಮೆಲ್ಲಗೆ ಹೇಳಿದಳು, “ಬಬ್ಬೂರಿನ ಕ್ವಾರ್ಟರ್ಸ್‌ನಾಗೆ ಗೋಡೆ ನೋಡ್ಕಂಡು ಮುದ್ದೆ ತಿರುವಿದೆ. ಹೊಳಲ್ಕೆರೆಯಾಗೂ ಗೋಡೆ, ಇಲ್ಲೂ ಗೋಡೆ. ರಸ್ತೆಯಾಗೆ ಹೋಗೋ ಬರೋ ಜನ ನೋಡ್ಕಂತ ಅಡಿಗೆ ಮಾಡಾಣ ಅಂತ ಒಂದು ಕಿಟಕಿ ಇಟ್ಕಂಡಿದ್ದೆ ಕಣ್ರಿ.”

ಅವಳು ಮಾಡಿದ ಮುದ್ದೆಯನ್ನು ಇಷ್ಟು ವರ್ಷ ನುಂಗಿದ್ದೇನೆ. ಏನು ನೋಡುತ್ತಾ ತಿರುವುತ್ತಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಿಜಕ್ಕೂ ಸಂಕಟವಾಯಿತು. “ನಾನೇ ಮತ್ತೆ ಕಟ್ಟಿಕೊಡ್ತೀನಿ ಕಣೇ” ಎಂದೆ.

“ಬ್ಯಾಡ್ರಿ! ಉಳಿದಿರೋ ಗೋಡೆನಾದ್ರೂ ಇರಲಿ” ಎಂದು ಮೌಸ್ ಕಿತ್ತುಕೊಂಡಳು.

ಮರುದಿನ ಮೇಸ್ತ್ರಿಗೆ ತೋರಿಸುವಂಥ ಮನೆ ಪರದೆಯ ಮೇಲೆ ಉಳಿದಿರಲಿಲ್ಲ. “ಸೈಟಿಗೇ ಹೋಗಾಣ ಬರ್ರಿ” ಎಂದಳು ಗಿರಿಜಾ. ಮೇಸ್ತ್ರಿ ಏನೋ ಕೇಳಲು ನನ್ನ ಕಡೆ ತಿರುಗಿದರು. “ಅವರನ್ನ ಕೇಳ್ರಿ. ಮೊದ್ಲು ಕಿಟಕಿ, ಆಮೇಲೆ ಗೋಡೆ” ಎಂದೆ. ಗಿರಿಜಾ ನನ್ನನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ ಹೋದಳು. ಬಾಯಲ್ಲಿ ಹೇಳಲು ಬರುವುದಿಲ್ಲ ಎಂದವಳು ಈಗ ನಿಲ್ಲಿಸದೆ ಮಾತಾಡುತ್ತಿದ್ದಳು. ಅಡುಗೆಮನೆಯ ಗೆರೆ ಮುಗಿದಾಗ ನಾನು ಸೂರ್ಯನನ್ನು ನೋಡಿ ದಿಕ್ಕು ಲೆಕ್ಕ ಹಾಕಿದೆ. ಅಚ್ಚುಕಟ್ಟಾಗಿ ಆಗ್ನೇಯ! ಆಟದ ಮನೆಯಲ್ಲೂ ಅವಳು ಮೊದಲೇ ಅಲ್ಲಿಯೇ ಕಟ್ಟಿದ್ದಳು. ನಾನು ಮನೆಯನ್ನು ಹಿಂದುಮುಂದು ಮಾಡಿಕೊಂಡು ನೋಡಿದ್ದೆ!

ಗೆರೆಯ ಒಳಗೆ, ಇಲ್ಲದ ಒಲೆಯ ಮುಂದೆ ನಿಂತು ಅವಳು ಮುದ್ದೆ ತಿರುವುವಂತೆ ಕೈಯಾಡಿಸಿ ಹೊರಗೆ ನೋಡಿದಳು. ಮುಖದ ತುಂಬ ನಗು. ನಾನು ರಸ್ತೆಗೆ ಹೋಗಿ, ಸರಿಯಾಗಿ ಅವಳ ಕಿಟಕಿಯ ಎದುರು ನಿಂತೆ. ಮನಸ್ಸು ತುಂಬಿ ಬಂದಿತ್ತು.

“ಏನು ಕಾಣ್ತೈತೆ?” ಎಂದೆ.

“ನೀವೇ ಕಾಣ್ತಿದ್ದೀರಿ. ಸ್ವಲ್ಪ ಪಕ್ಕಕ್ಕೆ ಸರೀರಿ, ರಸ್ತೆ ಕಾಣ್ಲಿ!”

ಸರಿದೆ.