ಬಹುರೂಪತೆಗೊಬ್ಬ ಕಾವಲುಗಾರ

ಮುಲುಂಡಿನಲ್ಲಿರುವ ನಮ್ಮ ಸೋದರಮಾವನ ಬಾಲ್ಕನಿಯಲ್ಲಿ ಎದೆಯೆತ್ತರದ ಕರಿಬೇವಿನ ಗಿಡವಿದೆ. ಆದರೆ ಒಗ್ಗರಣೆಗೆ ಕರಿಬೇವು ಮಾತ್ರ ಮಾರ್ಕೆಟ್ಟಿನಿಂದಲೇ ಬರಬೇಕು! ಗಿಡದ ಮಾಲೀಕರು ಹಸಿರು ಹುಳುಗಳು. ಅತ್ತೆ ಒಂದೆಲೆ ಕಿತ್ತರೂ ಮಾವನಿಂದ ಸಹಸ್ರನಾಮ ಗ್ಯಾರಂಟಿ.

ಫೋರ್ಟಿನ ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದವರಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತು? ಹುಳುಗಳು ಕಪ್ಪು ಚಿಟ್ಟೆಗಳಾದಾಗ ಗಂಡುಗಳೆಲ್ಲ ಒಂದೇ ಥರ, ಹೆಣ್ಣುಗಳು ಮಾತ್ರ ಬೇರೆ ಬೇರೆ! ಒಂದರ ರೆಕ್ಕೆಯಲ್ಲಿ ಕೆಂಪು ಚುಕ್ಕೆ, ಇನ್ನೊಂದು ಥೇಟ್ ಗಂಡಿನಂತೆ. ಮಾವ ಪುಸ್ತಕ ತಿರುವಿಹಾಕಿ ಒಂದು ಪದ ಹಿಡಿದು ತಂದರು: ಬಹುರೂಪತೆ. ಅಂದಿನಿಂದ ಆ ಪದಕ್ಕೆ ಅವರೇ ಕಾವಲು.

ಒಮ್ಮೆ ಲಿಫ್ಟಿನಲ್ಲಿ ಮಂಗಳೂರು ಕಡೆಯ ನೆರೆಯವರು ಮಾವನಿಗೆ, "ಹುಳ ಚಿಟ್ಟೆ ಆಗುವುದೂ ಬಹುರೂಪತೆಯೇ ಅಲ್ವಾ ಮಾರಾಯ್ರೆ?" ಎಂದುಬಿಟ್ಟರು.

"ಅಲ್ಲ! ಅದು ವಯಸ್ಸು. ನೀವು ಕೂಸಿದ್ರಿ, ಈಗ ಬೋಳಾಗೀರಿ. ಬಹುರೂಪ ಆತೇನ್ರಿ? ಒಂದ ಕುಲ, ಒಂದ ಜಾಗಾ, ರೂಪ ಬ್ಯಾರೆ. ಮತ್ತ ಅದು ಹುಟ್ಟಿನಿಂದ ಬಂದಿರಬೇಕು!"

ಪಾಪ, ಅವರೀಗ ಮೆಟ್ಟಿಲು ಹತ್ತಿ ಹೋಗುತ್ತಾರೆ.

ನನ್ನನ್ನಾದರೂ ಬಿಟ್ಟರೇ? ಹೋಟೆಲಿನಲ್ಲಿ, "ಒಂದೇ ಹಿಟ್ಟಿನ ಇಡ್ಲಿ, ದೋಸೆ..." ಎನ್ನುವಷ್ಟರಲ್ಲಿ, "ಹಿಟ್ಟಿಗೆ ಅವ್ವ ಅಪ್ಪ ಅದಾರೇನು?" ಎಂದು ಶುರುವಿಟ್ಟರು. ನನ್ನ ದೋಸೆ ತಣ್ಣಗಾಯಿತು.

ನನ್ನ ಮಗಳಿಗೆ ಎಂಟು ವರ್ಷ. ಎರಡು ವರ್ಷದವಳಿದ್ದಾಗ ದತ್ತು ತೆಗೆದುಕೊಂಡೆವು; ಅದು ಅವಳಿಗೂ ಗೊತ್ತು. ಮೊನ್ನೆ ಮಾಟುಂಗದಲ್ಲೊಂದು ಮದುವೆ ಊಟ. ಪಂಕ್ತಿಯಲ್ಲಿದ್ದ ದೂರದ ನೆಂಟರಾಕೆ ಅವಳ ಗಲ್ಲ ಹಿಡಿದು, "ಇಕಿ ನಿಮ್ಮ ಮನಿಯವರಂಗ ಕಾಣಂಗಿಲ್ಲಲ್ಲ! ಯಾರನ್ನ ಹೋಲ್ತಾಳ?" ಎಂದರು.

ಹೋಳಿಗೆ ಮುರಿಯುತ್ತಿದ್ದ ಮಗಳ ಕೈ ನಿಂತಿತು.

ಪಕ್ಕದೆಲೆಯಲ್ಲಿ ಕೂತಿದ್ದ ಮಾವ ಗುಡುಗಿದರು: "ಅಕ್ಕಾರ, ಇದಕ್ಕ ಬಹುರೂಪತೆ ಅಂತಾರ! ಒಂದ ಮನಿ ಕೂಸು, ರೂಪ ಬ್ಯಾರೆ. ವಿಜ್ಞಾನದಾಗ ಐತಿ!"

ಆಮೇಲೆ ಶುರುವಾಯಿತು ನೋಡಿ ಚಿಟ್ಟೆಯ ಪಾಠ! ಆಕೆ ಮಜ್ಜಿಗೆಗೂ ಕಾಯದೆ ಎದ್ದು ಹೋದರು. ಹುಟ್ಟಿನಿಂದ ಬಂದಿರಬೇಕೆಂಬ ತಮ್ಮದೇ ಷರತ್ತನ್ನು ಮಾವ ಅನ್ನದ ಜೊತೆ ನುಂಗಿಬಿಟ್ಟಿದ್ದರು. ಇಂಥ ಮಾವ ಎಷ್ಟು ಜನಕ್ಕಿದ್ದಾರೆ, ಹೇಳಿ? ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಮಗಳು ಅವರ ತೋಳು ಜಗ್ಗಿದಳು.

"ಅಜ್ಜಾ, ಸಚ್ಚೀ? ನನ್ನದು ಬುಕ್‌ನಲ್ಲಿ ಇದೆ?"

ಒಂದು ಪದ ಆಚೀಚೆಯಾದರೂ ಯಾರನ್ನೂ ಬಿಡದ ಮನುಷ್ಯ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇರಲಿಲ್ಲಂದ್ರ ಬುಕ್ಕ ತಪ್ಪೈತಿ, ನನ್ನವ್ವ."