ಮಲಗಿ ಅಳೆದ ಕೋಣೆಗಳು

ಮನೆಯ ನಕ್ಷೆ ಬರೆಯುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ಗೆರೆ ಎಳೆಯುವವರು ನಾವು, ಅದರೊಳಗೆ ಎಡವುವವರು ಬೇರೆಯವರು. ಹುಬ್ಬಳ್ಳಿಯ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದ ನನ್ನ ಪಾಲಿಗೂ ಒಂದಷ್ಟು ಬಂದಿವೆ.

೧. ಸುಣ್ಣದ ಗೆರೆ

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಕೆಲಸ ಕಲಿಸಿದವರು ಆಫೀಸಿನ ಹಿರಿಯ ಡ್ರಾಫ್ಟ್ಸ್‌ಮನ್. ಆರಡಿ ಎತ್ತರದ ಆಳು, ಎಲ್ಲರಿಗೂ ಕಾಕಾ. ನಕ್ಷೆ ಮುಗಿದ ಮೇಲೆ ಖಾಲಿ ಸೈಟಿಗೆ ಹೋಗಿ, ಸುಣ್ಣದ ಪುಡಿಯಲ್ಲಿ ಕೋಣೆಗಳ ಗುರುತು ಹಾಕಿ, ಅಳತೆ ಸಾಲುತ್ತದೋ ಎಂದು ನೋಡಲು ಮೊದಲು ತಾವು ಮಲಗಿ, ಆಮೇಲೆ ಮಾಲೀಕರನ್ನೂ ಮಲಗಿಸುತ್ತಿದ್ದರು. ಸುಳ್ಳ ಎಂಬ ಊರಿನ ಗೌಡರೊಬ್ಬರು ಹಾಗೆ ಮಲಗಿದವರು ಅಲ್ಲೇ ಗೊರಕೆ ಹೊಡೆದರು. ಎದ್ದು ಧೋತರ ಝಾಡಿಸಿಕೊಳ್ಳುತ್ತ, "ನಿದ್ದಿ ಭಾಳ ಛಲೋ ಬಂತ್ರಿ. ಗ್ವಾಡಿ ಕಟ್ಟಿ ಕೆಡಸಬ್ಯಾಡ್ರಿ," ಎಂದರು.

೨. ಅಡುಗೆಮನೆಯ ತಿರುಗಾಟ

ಕೆಲವು ವರ್ಷಗಳಲ್ಲಿ ಕಂಪ್ಯೂಟರ್ ಬಂತು. ನಾನು ಕಲಿತೆ, ಕಾಕಾ ಕಲಿಯಲಿಲ್ಲ. ಟ್ರೇಸಿಂಗ್ ಹಾಳೆಯಲ್ಲಿ ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ಎರಡು ಸಲ ಕೆರೆದರೆ ತೂತು. ಹಾಗಾಗಿ ಅವರು ಯೋಚಿಸಿಯೇ ಗೆರೆ ಎಳೆಯುತ್ತಿದ್ದರು. ನನಗೆ ಆ ಹೆದರಿಕೆ ಇರಲಿಲ್ಲ.

ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು, "ಅಡಗಿಮನಿ ಈ ಕಡೆ ಸರಸ್ರಿ... ಇನ್ನೊಂಚೂರು," ಎನ್ನುತ್ತ ಸಂಜೆ ಮಾಡಿದರು. ಅಡುಗೆಮನೆ ಮನೆಯನ್ನೆಲ್ಲ ಸುತ್ತಿ, ಕಾಕಾ ಮೊದಲು ಬರೆದಿದ್ದ ಮೂಲೆಗೇ ಬಂದು ನಿಂತಿತು. "ನೋಡ್ರಿ, ಕಂಪ್ಯೂಟರ್ ಹೆಂಗ ಜಾಗಾ ಹುಡುಕತೈತಿ!" ಎಂದರು ಸಾಹುಕಾರರು, ಕಾಕಾರ ಎದುರಿಗೇ.

ಕಾಕಾ ನಕ್ಕರು. ಆ ತಿಂಗಳೇ ನಮ್ಮ ಆರ್ಕಿಟೆಕ್ಟ್ ಸಾಹೇಬರು, "ಇನ್ನ ಮ್ಯಾಲೆ ಕಾಕಾ ಬೇಕಾಗ್ತಾರೇನಪಾ?" ಎಂದು ನನ್ನನ್ನು ಕೇಳಿದರು. ನಾನು ಕಂಪ್ಯೂಟರ್ ನೋಡುತ್ತ ಸುಮ್ಮನಿದ್ದೆ. ಕಾಕಾರ ಟೇಬಲ್ ಹೋಗಿ ಅಲ್ಲಿ ಎರಡನೇ ಕಂಪ್ಯೂಟರ್ ಬಂತು. ಅವತ್ತು ಬಾಯಿ ಬಿಡದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

೩. ಕಾಕಾರ ಖೋಲಿ

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲಗೇರಿಯಲ್ಲಿ ನನ್ನದೇ ಮನೆ ಕಟ್ಟಿಸಿದೆ. ಸುಣ್ಣದ ಗೆರೆಯೊಳಗೆ ಮಲಗಿ ನೋಡುವ ಪುರಸೊತ್ತು ಯಾರಿಗಿತ್ತು? ಅತಿಥಿಗಳ ಕೋಣೆಯ ಅಳತೆ ನೋಡಲು ಬೇರೊಂದು ನಕ್ಷೆಯಲ್ಲಿದ್ದ ಮಂಚದ ಚಿತ್ರವನ್ನು ಕಂಪ್ಯೂಟರಿನಲ್ಲೇ ಕಾಪಿ ಮಾಡಿ ಕೂರಿಸಿದೆ. ಗೋಡೆಯಿಂದ ಗೋಡೆಗೆ ಅಚ್ಚುಕಟ್ಟಾಗಿ ಕೂತಿತು.

ಗೃಹಪ್ರವೇಶಕ್ಕೆ ನಾನೇ ಹೋಗಿ ಕಾಕಾರನ್ನು ಕರೆತಂದೆ. ಕ್ಷಮೆ ಕೇಳಬೇಕೆಂದಿದ್ದವನು ಅದರ ಬದಲು ಅತಿಥಿಗಳ ಕೋಣೆ ತೋರಿಸಿ, "ಈ ಖೋಲಿ ನಿಮ್ದರಿ ಕಾಕಾ. ಯಾವಾಗ ಬಂದ್ರೂ ಇಲ್ಲೇ ಇರ್ರಿ," ಎಂದೆ.

ಕಾಕಾ ತಮ್ಮ ಹಳೇ ರೂಢಿಯಂತೆ ಬರಿ ನೆಲದ ಮೇಲೆ ಉದ್ದಕ್ಕೆ ಮಲಗಿದರು. ತಲೆ ಗೋಡೆಗೆ ತಾಗಿತು, ಪಾದಗಳು ಹೊಸ್ತಿಲು ದಾಟಿ ಪಡಸಾಲೆಗೆ ಬಂದವು. ನಾನು ಕಾಪಿ ಮಾಡಿದ್ದು ಮಕ್ಕಳ ಮಂಚ ಎಂಬುದು ನನಗೆ ಆಗ ಹೊಳೆಯಿತು.

ಬಂದ ನೆಂಟರೆಲ್ಲ ಕಾಲು ನೋಡಿ ನಕ್ಕರು. ಕಾಕಾ ಮಲಗಿದಲ್ಲಿಂದಲೇ ಅಂದರು, "ಗ್ವಾಡಿ ಇನ್ನ ಹಿಂದಕ್ಕ ಸರಿಯಂಗಿಲ್ಲೋ ತಮ್ಮಾ. ನಿನ್ನ ಕಂಪ್ಯೂಟರಿನ್ಯಾಗ ನನ್ನ ಕಾಲು ಒಂಚೂರು ಗಿಡ್ಡ ಮಾಡು, ಇದ್ದು ಹೋಗ್ತೇನಿ."