ಸೋಮವಾರ ನೊಗವಿಲ್ಲ

ತಮಿಳು ಗಡಿಯ ನಮ್ಮ ಮತ್ತಿಗಿರಿಯಲ್ಲಿ ಫೋನಿಗೆ ವಾರದ ರಜೆ ಕೊಡುವ ಯಜಮಾನಿ ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಮಾತ್ರ. ಕಾರ್ಖಾನೆಯಲ್ಲಿ ರಜೆ ಕೇಳಿ ಕೇಳಿ ಸವೆದಿರುವ ನನಗೆ ಆ ಫೋನಿನ ಮೇಲೆ ಹೊಟ್ಟೆಕಿಚ್ಚು ಬರದೆ ಇರುತ್ತದೆಯೇ?

ಅತ್ತೆಗೆ ಓದಲು ಬಾರದು. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದವರಲ್ಲಿ ನಾನೇ ಮೊದಲನೆಯವನು. ಆ ಹೆಮ್ಮೆಯಲ್ಲೇ ಅವಳ ಫೋನಿಗೆ ಮಾತಾಡುವ ಎಐ ಒಂದನ್ನು ಹಾಕಿಕೊಟ್ಟೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತು ಹೊತ್ತಿಗೆ ನೆನಪಿಸುವುದು ಅದರ ಕೆಲಸ. ಬೆಳಗಿನ ಮಂಜಿನಲ್ಲಿ ಬಾಗಿಲ ಬಳಿ ಕೂತು ಇಬ್ಬರೂ ಮಾತಿಗೆ ಬಿದ್ದರೆ, ಒಳಗೆ ಮಲಗಿದ್ದ ನನಗೆ ದೂರದ ನೆಂಟರು ಯಾರೋ ಬಂದಂತೆ ಕನಸು ಬೀಳುತ್ತಿತ್ತು.

ಒಮ್ಮೆ ಅದು ಬಸ್ಸಿನ ಹೊತ್ತು ತಪ್ಪಾಗಿ ಹೇಳಿತೆಂದು "ಶುದ್ಧ ದಡ್ಡ" ಅಂದುಬಿಟ್ಟೆ. ಅತ್ತೆ ಎದ್ದು ಬಂದಳು.

"ಯಾರ್ನ ಬೈತಿದ್ದೀಯಲಾ?"

"ಅದು ಯಂತ್ರ ಅತ್ತೆ. ಹಸಿವಿಲ್ಲ, ನೋವಿಲ್ಲ."

"ಹಸಿವಿಲ್ದೋರ್ನ ಬೈಬೌದು ಅಂತ ನಿನ್ ಡಿಗ್ರಿಲಿ ಬರ್ದವ್ರಾ? ಕನ್ನಡ, ತಮಿಳು, ತೆಲುಗು ಮೂರೂ ಬತ್ತವೆ ಅದ್ಕೆ. ನಿಂಗೆ ಮೂರ್ರಲ್ಲೂ ಬೈಯಾದ್ ಮಾತ್ರ ಬತ್ತದೆ."

ಇದನ್ನೇನೋ ನುಂಗಿಕೊಂಡೆ. ಸೋಮವಾರದ ಸಂಗತಿ ನುಂಗುವಂಥದ್ದಾಗಿರಲಿಲ್ಲ. ಮಾತ್ರೆ ತಪ್ಪುತ್ತಿದೆ, ಸಕ್ಕರೆ ಹೀಗೇ ಏರಿದರೆ ಕಾಲಿಗೆ ಅಪಾಯ ಎಂದು ಡಾಕ್ಟರು ತಮಿಳಿನಲ್ಲಿ ಗದರಿದರು. ಮನೆಗೆ ಬಂದು ವಿಚಾರಿಸಿದರೆ, ಅತ್ತೆ ಪ್ರತಿ ಸೋಮವಾರ ಬೆಳಿಗ್ಗೆಯೇ ಫೋನ್ ಆಫ್ ಮಾಡಿ, ಹಾಸಿಗೆಯಲ್ಲಿ ಮಲಗಿಸಿ, ಮೇಲೆ ಟವಲು ಹೊದಿಸುತ್ತಿದ್ದಳು.

"ಸೋಮಾರ ಎತ್ಗೂ ನೊಗ ಕಟ್ಟಲ್ಲ ಕಣ್ಲಾ. ಇದ್ಕೆ ಕಟ್ಟಾದಾ?"

"ಎತ್ತಿಗೆ ಜೀವ ಇದೆ ಅತ್ತೆ."

"ಇದ್ಕಿಲ್ಲ ಅಂತ ಒಳೀಕೆ ಹೋಗಿ ನೋಡ್ಕಂಡ್ ಬಂದ್ಯಾ?"

ಕಾಲಿನ ಪ್ರಶ್ನೆ, ಬಿಡಲಾಗುತ್ತದೆಯೇ? ಫೋನನ್ನೇ ಸಾಕ್ಷಿಗೆ ಕರೆದೆ. "ಅದನ್ನೇ ಕೇಳು," ಅಂದೆ.

ಅತ್ತೆ ಮೆಲ್ಲಗೆ ಕೇಳಿದಳು. "ದಣಿವಾಗ್ತದೇನವ್ವಾ?"

"ಇಲ್ಲ ಅಮ್ಮ, ನನಗೆ ದಣಿವಾಗುವುದಿಲ್ಲ. ಇನ್ನೇನು ಸಹಾಯ ಬೇಕು, ಹೇಳಿ."

ಗೆದ್ದೆ ಅಂದುಕೊಂಡೆ. ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ಕೂತಳು.

"ನಮ್ಮಪ್ಪನೂ ಹಿಂಗೇ ಅಂತಿದ್ದ ಕಣ್ಲಾ. ಜವಳಗಿರಿ ಕಡೆ ಜೀತಕ್ಕಿದ್ನಲ್ಲ, ಯಜಮಾನ್ರು ಯಾವತ್ ಕೇಳಿದ್ರೂ ಒಂದೇ ಮಾತು, 'ಇಲ್ಲ ಬುದ್ಧಿ, ನಂಗೇನ್ ದಣಿವು?' ಮನೇಗ್ ಬಂದು, ತಟ್ಟೆ ಮುಂದೆ ಕೂತಂಗೇ ನಿದ್ದೆ ಹೋಗ್ಬುಡೋನು."

ನಾನು ಕಂಡೇ ಇರದ ನನ್ನ ತಾತ. ತಾತನೂ ಫೋನೂ ಒಂದೇನಾ ಎಂದು ಕೇಳಬಹುದಿತ್ತು. ಅದರ ಬದಲು ಮಾತ್ರೆಯ ಡಬ್ಬಿ ತಂದು ನನ್ನ ಬಳಿ ಇಟ್ಟುಕೊಂಡೆ.

ಈಗ ಸೋಮವಾರದ ಮಾತ್ರೆ ನನ್ನ ಪಾಲು. ಶಿಫ್ಟಿಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು. ಟವಲಿನಡಿ ಮಲಗಿರುವುದು ಏಳದ ಹಾಗೆ ಸದ್ದಿಲ್ಲದೆ ನೀರಿನ ಲೋಟ ಹಿಡಿದು ನಿಲ್ಲುತ್ತೇನೆ. ನುಂಗುವ ಮೊದಲು ಅತ್ತೆ ನನ್ನ ಮುಖ ನೋಡುತ್ತಾಳೆ.

"ದಣ್ದಿದ್ದೀಯೇನ್ಲಾ?"

"ಹೂಂ ಅತ್ತೆ."

"ಹಂಗಾದ್ರೆ ಕೂತ್ಕ," ಎಂದು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ.